ಪುಡಿಯ ಪೆಟ್ಟಿಗೆಯ ಮುಚ್ಚಳ

ಪರೀಕ್ಷೆಗಿಟ್ಟ ಹಲಗೆ ಫಟ್ಟೆಂದು ಮುರಿಯಿತು. ಯಂತ್ರದ ಮುಳ್ಳು ಏರಬೇಕಾದದ್ದರ ಅರ್ಧಕ್ಕೂ ಏರಿರಲಿಲ್ಲ. ಅವಳು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುರಿದ ಅಂಚಿನ ತುಂಬ ಸಾಸಿವೆ ಗಾತ್ರದ ತೂತುಗಳು. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡುವ ಹಲಗೆ ಅದು. ಪುಡಿಯಲ್ಲಿ ತೇವ ಉಳಿದಿದ್ದರೆ, ಕಾದ ಪ್ಲಾಸ್ಟಿಕ್ಕಿನೊಳಗೆ ಅದು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಮೇಲಿನಿಂದ ಹಲಗೆ ಲಕ್ಷಣವಾಗಿಯೇ ಕಾಣುತ್ತದೆ.

ಪುಡಿ ಒಣಗಿಸುವವನು ಅವಳ ಗಂಡ. ಅವನು ಒಣಗಿಸಿದ್ದನ್ನು ಇವಳು ಮುರಿಯುತ್ತಾಳೆ ಎಂಬುದು ಕಾರ್ಖಾನೆಯವರಿಗೆಲ್ಲ ತಮಾಷೆ. ಇವತ್ತು ಅವಳಿಗೆ ನಗು ಬರಲಿಲ್ಲ. ಇನ್ನೊಂದು ಸಲ ಪುಡಿ ಕೆಟ್ಟರೆ ಅವನನ್ನು ಲೋಡಿಂಗಿಗೆ ಹಾಕುತ್ತೇನೆಂದು ಮ್ಯಾನೇಜರು ಆಗಲೇ ಹೇಳಿದ್ದರು. ಅವನ ಸೊಂಟವೋ ಮೂಟೆ ಹೊರುವಂಥದ್ದಲ್ಲ.

ಮ್ಯಾನೇಜರು ಬಂದು ತುಂಡನ್ನು ತಿರುಗಿಸಿ ನೋಡಿದರು. "ಮರದ ಮಿಲ್ಲಿನವನು ಹಸಿ ಪುಡಿ ಕಳಿಸಿದಾನೆ ಅಲ್ವಾ? ರಿಪೋರ್ಟಿನಲ್ಲಿ ಹಾಗೇ ಬರೀರಿ. ಲೋಡು ಪೂರ್ತಿ ವಾಪಸ್ ಕಳಿಸೋಣ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಡೆದದ್ದು ಅವಳಿಗೆ ಗೊತ್ತಿತ್ತು. ಗಂಡ ಅವಳನ್ನು ಕೇಳದೆ ಮನೆಯ ಹೊಲಿಗೆ ಯಂತ್ರವನ್ನು ತನ್ನ ಅಕ್ಕನಿಗೆ ಕೊಟ್ಟುಬಿಟ್ಟಿದ್ದನೆಂದು ಮೂರು ದಿನ ಇಬ್ಬರಿಗೂ ಮಾತಿರಲಿಲ್ಲ. ನಿನ್ನೆ ಮಧ್ಯಾಹ್ನ ಅವನೇ ಊಟದ ಡಬ್ಬಿ ಹಿಡಿದು ಅವಳ ಮೇಜಿಗೆ ಬಂದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಣ್ಣುವಾಗಲೇ ಮುಗಿಯಿತು. ನಡುವೆ ಅವನು, "ಪುಡಿ ಪೆಟ್ಟಿಗೆ ಮುಚ್ಚಿಲ್ಲ ಕಣೇ," ಎಂದು ಎದ್ದಿದ್ದ. "ಆಮೇಲೆ ಮುಚ್ಚಿದ್ರಾಯ್ತು, ಕೂತ್ಕೊಳ್ರೀ," ಎಂದವಳು ಇವಳೇ. ಹೊರಗೆ ಜಿಟಿಜಿಟಿ ಮಳೆ. ಮತ್ತೆ ಮುಚ್ಚಳದ ನೆನಪಾಗುವ ತನಕ ಒಣಗಿದ ಪುಡಿ ಎರಡು ಗಂಟೆ ಆ ತಂಡಿ ಗಾಳಿ ಕುಡಿಯಿತು.

"ಮಿಲ್ಲಿನವರ ತಪ್ಪಿಲ್ಲ ಸರ್," ಎಂದಳು. "ಒಣಗಿಸಿದ ಮೇಲೆ ಪೆಟ್ಟಿಗೆ ತೆರೆದೇ ಇತ್ತು. ಮುಚ್ಚೋಕೆ ಎದ್ದವರನ್ನ ಕೂರಿಸಿದ್ದು ನಾನು."

ಮ್ಯಾನೇಜರು ತುಂಡನ್ನು ಮೇಜಿನ ಮೇಲಿಟ್ಟರು. "ಮುಚ್ಚೋದು ಅವನ ಕೆಲಸ ಅಲ್ವೇನಮ್ಮ? ನಾಳೆಯಿಂದ ಲೋಡಿಂಗು. ಅವನಿಗೆ ಈಗಲೇ ಹೇಳ್ತೀನಿ," ಎಂದು ಹೊರಟರು. ಅವಳಿಗೆ ಅಳು ಬಂತು. ಆದರೂ ನಡೆದದ್ದನ್ನೇ ಬರೆದು ಸಹಿ ಹಾಕಿದಳು.

ಊಟದ ಗಂಟೆ ಹೊಡೆಯಿತು, ಅವನು ಬರಲಿಲ್ಲ. ಅವಳೇ ಡಬ್ಬಿ ಎತ್ತಿಕೊಂಡು ಹೋದಳು. ಅವನು ಪುಡಿಯ ಪೆಟ್ಟಿಗೆಯ ಮುಚ್ಚಳದ ಮೇಲೆ ಗೋಡೆಗೆ ಒರಗಿ ಕೂತಿದ್ದ.

"ಹೇಳಿದ್ದು ನಾನೇ," ಎಂದಳು.

"ಗೊತ್ತು."

"ಸಿಟ್ಟಾ?"

"ಬಂದಿತ್ತು. ಆದ್ರೆ ಇನ್ನೊಂದು ಮೂರು ದಿನ ಮಾತು ಬಿಟ್ಟಿರೋಕೆ ನನ್ನಿಂದಾಗಲ್ಲ." ಅವನು ಟವೆಲಿನಿಂದ ಮುಚ್ಚಳದ ಧೂಳು ಒರೆಸಿ ಪಕ್ಕಕ್ಕೆ ಸರಿದ. "ಬಾ. ಇಬ್ರೂ ಕೂತ್ರೆ ಒಳಗೆ ಗಾಳಿನೂ ಹೋಗಲ್ಲ."

ಅವಳು ಖಾಲಿ ಚೀಲವೊಂದನ್ನು ನಾಲ್ಕು ಮಡಿಕೆ ಮಡಚಿ, ಅವನ ಸೊಂಟಕ್ಕೂ ಗೋಡೆಗೂ ನಡುವೆ ತುರುಕಿದಳು. ಆಮೇಲೆ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದಳು.