ಮಾತಾಡಿಸಬೇಡಿ ಎಂದು ಮನೆಮನೆಗೆ ಹೇಳಿಕೆ

ಜಲಜಾಕ್ಷಿಗೆ ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡಿ ಮುಗಿಸಬೇಕಿತ್ತು. ಅದೂ ಈ ವರ್ಷವೇ. ಐವತ್ತಮೂರರ ವಯಸ್ಸಿಗೆ ಎಡಮಂಡಿ ಸವೆದಿದೆ, ಇದೊಂದು ಓಟ ಮುಗಿಸಿ ಇನ್ನು ನಡೆದುಕೊಂಡಿರಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಂಡಿಯದ್ದು ಹೇಗಾದರೂ ಇರಲಿ, ಅವಳಿಗೆ ನಿಜವಾದ ತೊಡಕು ನೆಂಟರದ್ದು. ಬಲ್ಮಠದಲ್ಲಿ ಗಂಡ ಸುಂದರನ ಹೋಟೆಲಿಗೆ ಬಂದವರನ್ನೆಲ್ಲ ಇಪ್ಪತ್ತೈದು ವರ್ಷ ಮಾತಾಡಿಸಿಯೇ ಕಳಿಸಿದವಳು. ಅಲ್ಲಿಂದ ಕುಲಶೇಖರದವರೆಗೆ ಅವಳ ಗುರುತಿನವರಿಲ್ಲದ ಗೇಟು ಹುಡುಕಬೇಕು.

ಡಯಾಲಿಸಿಸ್ ರೋಗಿಗಳ ಸಹಾಯಕ್ಕೆಂದು ವರ್ಷಕ್ಕೊಮ್ಮೆ ನಡೆಯುವ ಓಟ ಅದು. ಬಲ್ಮಠದಲ್ಲಿ ಹೊರಟು, ನಂತೂರು ದಾಟಿ, ಕುಲಶೇಖರದಲ್ಲಿ ತಿರುಗಿ ಮತ್ತೆ ಬಲ್ಮಠಕ್ಕೇ ಬರುತ್ತದೆ. ಕಳೆದ ವರ್ಷ ಅರ್ಧ ದಾರಿ ಮುಗಿಸಿ ತಿರುಗುವಷ್ಟರಲ್ಲಿ ಕುಲಶೇಖರದ ಜಯಪಾಲ ಮಾವ ಬೆಲ್ಲ, ನೀರು ಹಿಡಿದು ಗೇಟಿನಲ್ಲಿ ನಿಂತಿದ್ದರು. ಹಿರಿಯರು ಕೊಟ್ಟ ಬೆಲ್ಲ ನೀರನ್ನು ಬೇಡ ಎನ್ನುವುದುಂಟೇ? ನಿಂತಳು, ಕುಡಿದಳು, ಅತ್ತೆಯ ಬಿ.ಪಿ. ವಿಚಾರಿಸಿದಳು, ಸೊಸೆಗೆ ಎಷ್ಟನೇ ತಿಂಗಳು ಎಂದೂ ಕೇಳಿದಳು. ಓಟ ಮುಗಿಸುವಾಗ ಅರವತ್ತು ನಿಮಿಷ ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡು ವರ್ಷವಿಡೀ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

ಈ ಸಲ ಎಲ್ಲರಿಗೂ ಮೊದಲೇ ಫೋನು ಮಾಡಿ, ರಸ್ತೆಯಲ್ಲಿ ಮಾತಾಡಿಸಬೇಡಿ ಎಂದುಬಿಡಿ ಎಂದು ಮುಮ್ತಾಝ್ ಸಲಹೆ ಕೊಟ್ಟಳು. ಹೋಟೆಲಿನ ಪಕ್ಕದಲ್ಲೇ ಬಟ್ಟೆ ಅಂಗಡಿ ಇಟ್ಟಿರುವ ಅವಳು ಆರು ವರ್ಷದಿಂದ ಜಲಜಾಕ್ಷಿಯ ಓಟದ ಜೊತೆಗಾತಿ. ಸಲಹೆ ಒಳ್ಳೆಯದೇ. ಆದರೆ ಹಿರಿಯರಿಗೆ ಇಂಥ ಮಾತನ್ನು ಫೋನಿನಲ್ಲಿ ಹೇಳುವುದೇ? ಜಲಜಾಕ್ಷಿಗೆ ಮನಸ್ಸು ಒಪ್ಪಲಿಲ್ಲ. ಒಂದು ವಾರ ಸಂಜೆ ಸಂಜೆ ಇಬ್ಬರೂ ಇಪ್ಪತ್ತಮೂರು ಮನೆ ಹತ್ತಿಳಿದರು. ಭಾನುವಾರ ಬೆಳಿಗ್ಗೆ ಆರೂವರೆಯ ಮೇಲೆ ಇತ್ತ ಓಡಿಕೊಂಡು ಬರುತ್ತೇನೆ, ದಯಮಾಡಿ ಮಾತಾಡಿಸಬೇಡಿ ಎಂದು ಕೈಮುಗಿದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಎಡವಟ್ಟಾದದ್ದು ಅಲ್ಲೇ ನೋಡಿ. ಮನೆಬಾಗಿಲಿಗೆ ಬಂದು, ದಿನ ಗಳಿಗೆ ತಿಳಿಸಿ, ಕೈಮುಗಿದು ಹೋದರೆ ನಮ್ಮ ಊರಿನಲ್ಲಿ ಅದಕ್ಕೆ ಹೇಳಿಕೆ ಎನ್ನುತ್ತಾರೆ. ಮದುವೆಗೆ ಕರೆಯುವುದೂ ಹಾಗೆಯೇ. ಹೇಳಿಕೆ ಬಂದ ಮೇಲೆ ಹೋಗದಿದ್ದರೆ ಮರ್ಯಾದೆ ಉಳಿಯುತ್ತದೆಯೇ?

ಭಾನುವಾರ ಆರು ಗಂಟೆಗೆ ಇಬ್ಬರೂ ಹೊರಟಾಗ ಗೇಟುಗಳೆಲ್ಲ ಮುಚ್ಚಿದ್ದವು. ನಂತೂರಿನಲ್ಲಿ ಪೊಲೀಸರು ಲಾರಿಗಳನ್ನು ತಡೆದು ನಿಲ್ಲಿಸಿದ್ದರು. ಕುಲಶೇಖರದಲ್ಲಿ ತಿರುಗುವಾಗ ಇಪ್ಪತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು. ಅಬ್ಬ, ಬದುಕಿದೆ ಎಂದುಕೊಂಡಳು ಜಲಜಾಕ್ಷಿ.

ತಿರುಗಿ ನೂರು ಹೆಜ್ಜೆ ಹಾಕಿಲ್ಲ, ಎದುರಿಗೆ ನೆಂಟರೆಲ್ಲ ಮದುವೆ ದಿಬ್ಬಣದ ಹಾಗೆ ನಿಂತಿದ್ದರು. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಇಸ್ತ್ರಿಯ ಅಂಗಿ, ಬಿಳಿ ಪಂಚೆ. ದೂರದ ಮೂಡುಬಿದಿರೆಯ ನಾದಿನಿ ಕೂಡ ಬಂದಿದ್ದಾಳೆ! ಸಾಲಾಗಿ ನಿಂತ ಅಷ್ಟೂ ಜನರಲ್ಲಿ ಒಬ್ಬರದ್ದೂ ತುಟಿ ಅಲ್ಲಾಡುತ್ತಿಲ್ಲ. ಜಲಜಾಕ್ಷಿಯ ಕಣ್ಣು ತುಂಬಿ ಬಂತು. ಕಾಲು ಹಳೆಯ ಅಭ್ಯಾಸದಂತೆ ತಾನಾಗಿ ನಿಧಾನವಾಯಿತು.

"ನಿಲ್ಲಬೇಡಿ ಜಲಜಕ್ಕ," ಎಂದಳು ಮುಮ್ತಾಝ್. "ನೀವು ನಿಂತ್ರೆ ಇವರೆಲ್ಲ ಬಾಯಿ ಮುಚ್ಚಿಕೊಂಡದ್ದು ದಂಡ ಮಾರಾಯ್ರೆ."

ಆಮೇಲೆ ಜಯಪಾಲ ಮಾವನ ಗೇಟು ಬಂತು. ಎಪ್ಪತ್ತನಾಲ್ಕರ ಮನುಷ್ಯ, ಒಂದು ಕೈಯಲ್ಲಿ ಸ್ಟೀಲಿನ ಲೋಟ, ಇನ್ನೊಂದರಲ್ಲಿ ಬೆಲ್ಲದ ತುಂಡು. ಇವರನ್ನು ದಾಟಿ ಹೋಗುವುದು ತನ್ನಿಂದಾಗದು, ಗಂಟೆ ಹಾಳಾಗಿ ಹೋಗಲಿ ಎಂದುಕೊಂಡಳು. ಅಷ್ಟರಲ್ಲಿ ಮಾವ ಪಂಚೆ ಎತ್ತಿ ಕಟ್ಟಿದವರೇ ಅವಳ ಪಕ್ಕದಲ್ಲಿ ಓಡಲಾರಂಭಿಸಿದರು! ಮಾತಾಡಬಾರದು ಎಂದಿದ್ದಳು, ಓಡಬಾರದು ಎಂದಿರಲಿಲ್ಲವಲ್ಲ. ಅವಳು ಲೋಟ ಕಸಿದುಕೊಂಡು ಓಡುತ್ತಲೇ ಕುಡಿದಳು, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಮಾವ ಏದುಸಿರು ಬಿಡುತ್ತ ಹಿಂದೆ ಉಳಿದರು. ಲೋಟ ಅವಳ ಕೈಯಲ್ಲೇ ಉಳಿಯಿತು.

ನಂತೂರಿನ ಏರಿನಲ್ಲಿ ಮಂಡಿ ಚುರುಚುರು ಎಂದಿತು. ಲೋಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಓಡಿದಳು. ಬಲ್ಮಠ ಹತ್ತಿರವಾದಾಗ ಮುಮ್ತಾಝ್ ಗಡಿಯಾರ ನೋಡಿ ಬೇಗ ಬೇಗ ಎಂಬಂತೆ ಕೈಬೀಸಿದಳಷ್ಟೇ, ಹೇಳಲು ಉಸಿರಿರಲಿಲ್ಲ. ಗೆರೆ ದಾಟಿದಾಗ ಐವತ್ತೊಂಬತ್ತು ನಿಮಿಷ ಐವತ್ತೆರಡು ಸೆಕೆಂಡು. ಜಲಜಾಕ್ಷಿ ರಸ್ತೆಯಲ್ಲೇ ಕೂತು ನಗತೊಡಗಿದಳು, ಖುಷಿ ತಡೆಯಲಾರದೆ ಅತ್ತಳು ಕೂಡ. ಕಾದಿದ್ದ ಸುಂದರ ಮನೆಗೆ ಹೋಗೋಣ ಎಂದು ಸ್ಕೂಟರು ತಂದ.

ಅವಳು ಲೋಟ ತೋರಿಸಿದಳು. ಇದನ್ನು ಹಿಂದೆ ಕೊಡಬೇಕು, ಇಪ್ಪತ್ತಮೂರು ಮನೆ ಹತ್ತಬೇಕು, ನಡೆದೇ ಹೋಗುತ್ತೇನೆ ಎಂದಳು. ಮುಮ್ತಾಝ್ ಜೊತೆಗೆ ಹೊರಟಳು. ಓಡಿದ ದಾರಿಯಲ್ಲೇ ಮನೆಮನೆ ನಿಂತು, ಮಾತಾಡಿ, ತಿಂಡಿ ತಿಂದು, ಜಯಪಾಲ ಮಾವನ ಗೇಟು ಮುಟ್ಟುವಾಗ ಹನ್ನೆರಡು ದಾಟಿತ್ತು.

ಮಾವ ಜಗಲಿಯಲ್ಲಿ ಕೂತಿದ್ದರು. ಬೆಳಗ್ಗಿನಿಂದ ಇವರು ಬಾಯಿ ಬಿಟ್ಟಿಲ್ಲ, ಚಹಾವನ್ನೂ ಕೈಸನ್ನೆಯಲ್ಲೇ ಕೇಳಿದರು ಎಂದು ಅತ್ತೆ ದೂರಿದರು.

ಜಲಜಾಕ್ಷಿ ಲೋಟವನ್ನು ಅವರ ಮುಂದಿಟ್ಟಳು. "ಮಾವ, ಗಂಟೆಯ ಒಳಗೆ ಆಯ್ತು. ಇನ್ನು ಮಾತಾಡಿ."

ಮಾವ ಪಕ್ಕದಲ್ಲಿ ಮುಚ್ಚಿಟ್ಟಿದ್ದ ತಟ್ಟೆ ತೆರೆದರು. ಬೆಳಗಿನ ಬೆಲ್ಲದ ತುಂಡು ಅಲ್ಲೇ ಇತ್ತು, ಅಂಚಿನಲ್ಲಿ ಸ್ವಲ್ಪ ಕರಗಿತ್ತು.

"ನೀರು ಮಾತ್ರ ಕುಡಿದು ಹೋದದ್ದು ಎಂತ," ಎಂದರು. "ಕೂತುಕೊಂಡು ಇದನ್ನು ತಿನ್ನು."

ಅವಳು ಕೈಯ ಗಡಿಯಾರ ಬಿಚ್ಚಿ ಮುಮ್ತಾಝ್‌ಗೆ ಕೊಟ್ಟು, ಕೂತಳು.