ಎರಡು ಬೀಗದ ಕಂಪನಿ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಒಂದೇ ಬಾಗಿಲಿಗೆ ಎರಡು ಬೀಗ ಬಿದ್ದಿದ್ದವು. ಒಂದು ಸೂರಪ್ಪನದು, ಇನ್ನೊಂದು ಅವನ ಭಾವ ವೆಂಕಟಪ್ಪನದು. ಒಳಗಿನ ಸೀರೆ ಕಂಪನಿ ಇಬ್ಬರಿಗೂ ಸಮಪಾಲು. ಹಾಗಾಗಿ ಒಬ್ಬನೇ ಬಂದರೆ ಬಾಗಿಲು ತೆರೆಯುವಂತಿಲ್ಲ, ಇಬ್ಬರೂ ಕೂಡಿ ಬರುವುದಂತೂ ಕನಸಿನ ಮಾತು.

ಜಗಳ ಹುಟ್ಟಿದ್ದು ಬಣ್ಣದಿಂದ. ಪೇಟೆಗೆ ಹೊಸದಾಗಿ ಬಂದ ಡಬ್ಬಿ ಬಣ್ಣ ತರೋಣ ಎಂದು ಸೂರಪ್ಪ. ಅರಗಿನ ಕೆಂಪು ಬಿಟ್ಟರೆ ರೇಷ್ಮೆಗೇ ಅವಮಾನ ಎಂದು ವೆಂಕಟಪ್ಪ. ಮಾತಿಗೆ ಮಾತು ಬೆಳೆದು ವೆಂಕಟಪ್ಪ ಕೋರ್ಟಿಗೆ ಹೋದ. ಪಾಲುದಾರರು ಮುಖವೇ ನೋಡದ ಮೇಲೆ ಕಂಪನಿ ನಡೆಯುವುದೆಂತು? ಅದನ್ನು ಮುಚ್ಚಿಬಿಡಿ ಎಂದು ಕೋರ್ಟಿನ ಆಜ್ಞೆಯಾಯಿತು. ಸಾಮಾನು ಹರಾಜು ಹಾಕಲು ಒಬ್ಬ ಅಧಿಕಾರಿ ಬರುವವರಿದ್ದರು.

ಇವರಿಬ್ಬರ ನಡುವೆ ಸಿಕ್ಕಿಬಿದ್ದವಳು ಚಿತ್ತಮ್ಮ. ಸೂರಪ್ಪನಿಗೆ ಹೆಂಡತಿ, ವೆಂಕಟಪ್ಪನಿಗೆ ತಂಗಿ. ಮದುವೆಯಲ್ಲಿ ತವರಿನವರು ಕೊಟ್ಟ ಅವಳ ಮಗ್ಗವೂ ಆ ಬೀಗಗಳ ಹಿಂದೆಯೇ ಇತ್ತು. ಕಂಪನಿ ಕಟ್ಟಿದ ದಿನ ಮಗ್ಗಗಳನ್ನೆಲ್ಲ ಒಂದೇ ಕಡೆ ಹೂಡಿ, ಅರಿಸಿನ ಕುಂಕುಮವಿಟ್ಟು, ಮಗ್ಗ ಮುಟ್ಟಿ ಆಣೆ ಮಾಡಿದ್ದರು. ಅಂಥ ಆಣೆಯ ಮೇಲೆ ಕಾಗದವನ್ನೂ ಕೇಳಿದರೆ ಭಾವನನ್ನು ಕಳ್ಳನೆಂದ ಹಾಗಾಗುತ್ತಿತ್ತು. ಆದ್ದರಿಂದ ಯಾವುದು ಯಾರದೆಂದು ಎಲ್ಲೂ ಬರೆದಿರಲಿಲ್ಲ.

ಒಂದು ಮಧ್ಯಾಹ್ನ ಸೂರಪ್ಪನ ಹಳೆಯ ಗೆಳೆಯ, ಚಳ್ಳಕೆರೆಯ ಕಂಬಳಿ ವ್ಯಾಪಾರಿ ಹಾಲೇಶಪ್ಪ ಬಂದ. ಚಿತ್ತಮ್ಮ ಮಜ್ಜಿಗೆ ಕೊಡುತ್ತಲೇ ಕಣ್ಣೊರೆಸಿಕೊಂಡಳು.

“ಯಾಕೆ ತಂಗಿ?”

“ಒಳಗಿರೋದೆಲ್ಲಾ ಹರಾಜಾಗ್ತೈತಂತೆ ಅಣ್ಣ. ಅದು ನಮ್ಮವ್ವ ಕೂತು ನೇಯ್ದಿದ್ ಮಗ್ಗ. ಅದು ಹೋದ್ರೆ ನನ್ ಕೈ ಹೋದಂಗೆ.”

“ಕೋರ್ಟು ಅಂದ್ರೆ ಅಷ್ಟೇ ಕಣಲೇ,” ಎಂದು ಸೂರಪ್ಪ ಗೊಣಗಿದ. “ಗೆದ್ದವನು ಸೋತ, ಸೋತವನು ಸತ್ತ.”

ಹಾಲೇಶಪ್ಪ ನಕ್ಕುಬಿಟ್ಟ. “ಲೇ ಸೂರಾ, ಗಾದೆ ಹೇಳ್ಕಂಡು ಕೂತ್ರೆ ಮಗ್ಗ ನಡ್ಕಂಡು ಮನಿಗೆ ಬರ್ತೈತಾ? ನಮ್ಮ ಕಂಬಳಿ ಕಂಪನೀನೂ ಹಿಂಗೇ ಮುಚ್ತು. ಕೋರ್ಟು ಯಾರ ಆಸ್ತೀನೂ ನುಂಗಲ್ಲ. ಕಂಪನಿ ಸಾಮಾನು ಮಾರಿ, ಮೊದ್ಲು ಸಾಲ ಕೊಟ್ಟೋರಿಗೆ ತೀರಿಸ್ತಾರೆ. ಮಿಕ್ಕಿದ್ದು ಪಾಲಿನ ಪ್ರಕಾರ ನಿಮಗೇ ಬರ್ತೈತೆ. ಕಂಪನೀದಲ್ದಿದ್ದು ಏನಾರ ಇದ್ರೆ, ಹರಾಜಿಗೆ ಮುಂಚೇನೇ ಅಧಿಕಾರಿಗೆ ಹೇಳಿ ಬಿಡಿಸ್ಕಬೇಕು. ನಾವು ಬರ್ದಿಟ್ಟಿದ್ವಿ, ಸುಲಭ ಆತು. ನಿಮಗೆ ಸಾಕ್ಷಿ ಬೇಕು.”

“ಸಾಕ್ಷಿ ಯಾರು ಹೇಳ್ತಾರೆ?” ಚಿತ್ತಮ್ಮ ಕೇಳಿದಳು.

“ಮಗ್ಗ ಕೊಟ್ಟ ಮನೆಯೋರು.”

ಆ ಮನೆಯ ಹಿರಿಯರೆಲ್ಲ ತೀರಿಕೊಂಡು ಉಳಿದವನು ವೆಂಕಟಪ್ಪ ಒಬ್ಬನೇ.

“ಅವನ ಹೊಸಿಲು ನಾನು ತುಳಿಯಲ್ಲ,” ಎಂದ ಸೂರಪ್ಪ.

ಚಿತ್ತಮ್ಮನಿಗೆ ಸಿಟ್ಟು ಬಂತು. ಬರಬೇಕಾದದ್ದೇ. “ನಿಮ್ಮಿಬ್ರ ಹಟಕ್ಕೆ ನನ್ ಮಗ್ಗ ಯಾಕೆ ಹೋಗ್ಬೇಕು? ನೀವು ಬರದಿದ್ರೆ ಬಿಡ್ರಿ, ನಾನು ಹೋಗ್ತೀನಿ,” ಎಂದವಳೇ ಸೆರಗು ಸಿಕ್ಕಿಸಿ ಹೊರಟಳು. ಸೂರಪ್ಪನೂ ಎದ್ದು, ಅವಳ ಹಿಂದೆಯೇ ನಡೆದ.

ತಂಗಿಯ ಮಾತು ಕೇಳಿ ವೆಂಕಟಪ್ಪ ಪೆಚ್ಚಾದ. “ಅವ್ವನ ಮಗ್ಗ ಕಂಪನೀದು ಅಂತ ನಾನೆಲ್ಲಿ ಹೇಳ್ದೆ? ನಿಂದೇ ಅಂತ ಹೇಳ್ತೀನಿ ಬಿಡು. ಆದ್ರೆ ಬಣ್ಣ ಕುದಿಸೋ ಹಂಡೆ ನನ್ನ ಸ್ವಂತದ್ದು. ಅದನ್ನ ಯಾರು ಹೇಳ್ತಾರೆ?”

“ನಾನು ಹೇಳ್ತೀನಿ.”

ಅಂಗಳದಲ್ಲಿ ನಿಂತಿದ್ದ ಸೂರಪ್ಪನ ಧ್ವನಿ ಅದು. ಎಷ್ಟೋ ತಿಂಗಳ ಮೇಲೆ ಭಾವನೊಡನೆ ಅವನು ಆಡಿದ ಮೊದಲ ಮಾತು. ಚಿತ್ತಮ್ಮ ಕಂಬ ಹಿಡಿದು ಅತ್ತಳು.

ಅಧಿಕಾರಿ ಬಂದ ದಿನ ಇಬ್ಬರೂ ತಮ್ಮ ತಮ್ಮ ಬೀಗ ತೆಗೆದರು. ಮಗ್ಗ ಚಿತ್ತಮ್ಮನದೆಂದು ವೆಂಕಟಪ್ಪ ಹೇಳಿದ, ಹಂಡೆ ವೆಂಕಟಪ್ಪನದೆಂದು ಸೂರಪ್ಪ ಹೇಳಿದ. ಎದುರಾಳಿಯೇ ಒಪ್ಪಿದ ಮೇಲೆ ತಕರಾರು ಇನ್ನೇನು? ಅಧಿಕಾರಿ ಅವೆರಡನ್ನೂ ಬಿಟ್ಟುಕೊಟ್ಟು ಉಳಿದದ್ದನ್ನು ಹರಾಜು ಹಾಕಿದರು. ಕಂಪನಿ ಮುಚ್ಚಿತು. ಭಾವಂದಿರು ಮತ್ತೆ ಜೊತೆಗೆ ವ್ಯಾಪಾರ ಮಾಡಲಿಲ್ಲ, ಆದರೆ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿಬರುವಷ್ಟಾಯಿತು.

ಮಗ್ಗವೇನೋ ಮನೆಗೆ ಬಂತು. ಆದರೆ ಬೇರೆ ಬಣ್ಣದ ಅಂಚಿನ ಸೀರೆಗೆ ಪಕ್ಕದಿಂದ ನೂಲು ಹಾಯಿಸುವ ಲಾಳಿ ಕೊಡಲು ಇನ್ನೊಂದು ಕೈ ಬೇಕು. ವೆಂಕಟಪ್ಪನ ಹೆಂಡತಿ ಬೊಮ್ಮಕ್ಕ ತಾನಾಗಿಯೇ ಬಂದಳು. “ಇಬ್ರೂ ಪಾಲಿನ ಮೇಲೆ ನೇಯಾಣ ಚಿತ್ತಮ್ಮಾ,” ಎಂದು ಮಗ್ಗ ಮುಟ್ಟಿ ಆಣೆ ಮಾಡಲು ಕೈ ಚಾಚಿದಳು.

ಚಿತ್ತಮ್ಮ ಆ ಕೈ ಹಿಡಿದುಕೊಂಡಳು. “ಆಣೆ ಆಮೇಲೆ ಮಾಡಾಣ. ಯಾರ್ದೇನು, ಪಾಲೆಷ್ಟು, ನಾಳೆ ಮನಸ್ಸು ಮುರಿದ್ರೆ ಹೆಂಗೆ ಬಿಡಿಸ್ಕೊಳ್ಳೋದು, ಎಲ್ಲಾ ಮೊದ್ಲು ಬರಿಸಾಣ.”

“ನನ್ಮೇಲೆ ನಂಬಿಕೆ ಇಲ್ವಾ?”

“ನೀನಂದ್ರೆ ನಂಗೆ ಪ್ರಾಣ, ಅತ್ತಿಗೆ. ಅದಕ್ಕೇ ಬರಿಸಾಣ ಅಂದೆ.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ನಾಳೆ ನೆಂಟರೊಡನೆಯೋ ಗೆಳೆಯರೊಡನೆಯೋ ಪಾಲಿಗೆ ಕೂಡುವಿರಿ. ಮನಸ್ಸು ಚೆನ್ನಾಗಿರುವಾಗಲೇ ಬರೆದು, ನಾಲ್ವರ ಮುಂದೆ ರುಜು ಹಾಕಿರಿ. ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಒಮ್ಮೆ ಎದುರು ಕೂತು ಮಾತಾಡಿರಿ. ಹತ್ತಲೇಬೇಕಾಗಿ ಬಂದರೆ ಹೆದರಬೇಡಿ, ನಿಮ್ಮದನ್ನು ನಿಮ್ಮದೆಂದು ವೇಳೆಗೆ ಸರಿಯಾಗಿ ಹೇಳಿರಿ. ಎದುರಾಳಿಯದನ್ನು ಅವನದೆಂದು ಹೇಳಲೂ ನಾಚಬೇಡಿ. ಕಂಪನಿ ಹೋದರೆ ಇನ್ನೊಂದು ಕಟ್ಟಬಹುದು, ಒಡಹುಟ್ಟಿದವರನ್ನು ಎಲ್ಲಿಂದ ತರುತ್ತೀರಿ?