ನೀರು ನಿಲ್ಲದ ನಕ್ಷೆ

ಆ ಒಂದು ಸಾಲನ್ನು ಅಳಿಸಿದ್ದೆನೋ, ಇಲ್ಲವೋ? ಅಳಿಸಿರಬೇಕು. ಆದರೆ ಅಳಿಸಿದ ನೆನಪಿಲ್ಲ. ಅಳಿಸದೆ ಬಿಟ್ಟ ನೆನಪೂ ಇಲ್ಲ ಎಂದು ಯೋಗಾನಂದ ತನಗೆ ತಾನೇ ಹೇಳಿಕೊಂಡ. ಬುಧವಾರ ಬೆಳಿಗ್ಗೆ, ಚಾಮರಾಜಪೇಟೆಯ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆಯದೆಯೇ ಅರ್ಧ ಗಂಟೆ ಕುಳಿತಿದ್ದ. ತೆರೆದರೆ ಗೊತ್ತಾಗಿಬಿಡುತ್ತದೆ ಎಂಬುದೇ ಕಷ್ಟವಾಗಿತ್ತು. ಕೊನೆಗೆ ತೆರೆದ. ಪ್ರೋಗ್ರಾಮಿನಲ್ಲಿ ಆ ಸಾಲು ಅಲ್ಲೇ ಇತ್ತು: ಮೂರು ಮೀಟರಿಗಿಂತ ಕಡಿಮೆ ಆಳದ ತಗ್ಗುಗಳನ್ನೆಲ್ಲ ತುಂಬಿಸಿಬಿಡು.

ಅದು ಅವನ ಹಳೆಯ ಕೆಲಸದ ಅಭ್ಯಾಸ. ಈಗಿನ ಸಂಶೋಧನಾ ಸಂಸ್ಥೆಗೆ ಸೇರುವ ಮೊದಲು ಎರಡು ವರ್ಷ ಅವನು ಬೆಂಗಳೂರಿನ ಮಳೆನೀರು ಯಾವ ಬೀದಿಯಿಂದ ಯಾವ ರಾಜಕಾಲುವೆಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದ. ನೆಲದ ಎತ್ತರ ತೋರಿಸುವ ನಕ್ಷೆಗಳಲ್ಲಿ ಅಲ್ಲಲ್ಲಿ ಸಣ್ಣ ತಗ್ಗುಗಳಿರುತ್ತವೆ. ಬಹುಪಾಲು ಅಳತೆಯ ತಪ್ಪುಗಳೇ. ಲೆಕ್ಕದ ನೀರು ಅವುಗಳಲ್ಲಿ ಬಿದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ತಗ್ಗು ತುಂಬಿಸಬೇಕು. ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಹಾಗೆ, ಯಾರೂ ಯೋಚಿಸಿ ಮಾಡುವ ಕೆಲಸವಲ್ಲ.

ಆದರೆ ಅದೇ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ತೇಜಸ್ವಿನಿಯ ಸಂಶೋಧನೆ ಇದ್ದದ್ದೇ ತಗ್ಗುಗಳ ಮೇಲೆ. ಗ್ರೀನ್‌ಲ್ಯಾಂಡಿನ ನೆಲವನ್ನು ಮುಚ್ಚಿಕೊಂಡಿರುವ ಹಿಮದ ಹಾಸು ಬೇಸಿಗೆಯಲ್ಲಿ ಮೇಲ್ಮೈಯಲ್ಲಿ ಕರಗುತ್ತದೆ. ಕರಗಿದ ನೀರು ತಗ್ಗುಗಳಲ್ಲಿ ನಿಂತು ಕಡುನೀಲಿ ಕೆರೆಗಳಾಗುತ್ತದೆ. ಬಿಳಿ ಹಿಮ ಹಿಂದಕ್ಕೆ ಎಸೆಯುವ ಬಿಸಿಲನ್ನು ಆ ನೀಲಿ ನೀರು ಕುಡಿಯುತ್ತದೆ, ಕುಡಿದು ತನ್ನ ತಳವನ್ನೇ ಕರಗಿಸಿಕೊಳ್ಳುತ್ತದೆ. ಒಂದು ದಿನ ತಳದಲ್ಲಿ ಬಿರುಕು ಬಿಟ್ಟರೆ ಇಡೀ ಕೆರೆ ಕೆಲವೇ ಗಂಟೆಗಳಲ್ಲಿ ಒಂದು ಕಿಲೋಮೀಟರ್ ದಪ್ಪದ ಹಿಮವನ್ನು ಸೀಳಿಕೊಂಡು ಕೆಳಗೆ ಹೋಗಿಬಿಡುತ್ತದೆ. ಯಾವ ಕೆರೆ ಎಲ್ಲಿ ಹುಟ್ಟುತ್ತದೆ, ಯಾವಾಗ ತುಂಬುತ್ತದೆ, ಕೋಡಿ ಬಿದ್ದರೆ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಅವಳ ಮಾಡೆಲ್ ಹೇಳಬೇಕಿತ್ತು. ಅದರ ಕೆಳಗಿದ್ದ ಎತ್ತರದ ನಕ್ಷೆ ಮಾತ್ರ ಯೋಗಾನಂದ ತನ್ನ ಹಳೆಯ ಪ್ರೋಗ್ರಾಮಿನಲ್ಲಿ ಮಾಡಿಕೊಟ್ಟದ್ದು.

ಕೆಳಭಾಗದ ಆಳವಾದ ದೊಡ್ಡ ಕೆರೆಗಳು ಮಾಡೆಲ್‌ನಲ್ಲಿ ಸರಿಯಾಗಿಯೇ ಬಂದಿದ್ದವು. ಎತ್ತರದ ಕಡೆಯ ಸಣ್ಣ ಕೆರೆಗಳು ಮಾತ್ರ ಉಪಗ್ರಹದ ಚಿತ್ರದಲ್ಲಿ ಇದ್ದವು, ಮಾಡೆಲ್‌ನಲ್ಲಿ ಇರಲಿಲ್ಲ. ಹತ್ತು ಹನ್ನೆರಡು ದಿನದಿಂದ ತೇಜಸ್ವಿನಿ ಕಾರಣ ಹುಡುಕುತ್ತಿದ್ದಳು. ಎತ್ತರದ ಕಡೆ ಎಷ್ಟು ನೀರು ಕೂಡುವ ಮೊದಲೇ ಹಿಮದೊಳಗೆ ಮತ್ತೆ ಹೆಪ್ಪುಗಟ್ಟುತ್ತದೆ ಎಂದು ತಾನು ಹಾಕಿದ ಲೆಕ್ಕದಲ್ಲೇ ತಪ್ಪಿರಬೇಕು ಅಂದುಕೊಂಡಿದ್ದಳು. ಆ ಲೆಕ್ಕ ಅವಳ ಎರಡು ವರ್ಷ. ಇನ್ನು ಹನ್ನೆರಡು ದಿನಕ್ಕೆ, ಸೋಮವಾರ, ಅವಳ ಗೈಡ್ ವಾಣಿ ಮೇಡಂ ಎದುರು ಸೆಮಿನಾರ್ ಇತ್ತು. ಅಷ್ಟರಲ್ಲಿ ಸರಿಹೋಗದಿದ್ದರೆ ಆ ಅಧ್ಯಾಯವನ್ನೇ ಕೈಬಿಡುವುದಾಗಿ ಅವಳು ಮೇಡಂಗೆ ಬರೆದೂ ಆಗಿತ್ತು.

ಯೋಗಾನಂದನನ್ನು ಪಿಎಚ್‌ಡಿಗೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರೂ ವಾಣಿ ಮೇಡಮ್ಮೇ. ಬುಧವಾರ ಅವನು ಹೇಳಲಿಲ್ಲ. ಗುರುವಾರ ಹೇಳುತ್ತೇನೆ ಎಂದುಕೊಂಡ.

ದಿನವೂ ಅವಳೇ ಫೋನ್ ಮಾಡುತ್ತಿದ್ದಳು. ಅಂದು ಯಾವ ಭಾಗ ಬಿಚ್ಚಿ ನೋಡಿದೆ, ಎಲ್ಲಿ ತಾನು ಅವಸರ ಮಾಡಿರಬಹುದು ಎಂದು ಒಂದೊಂದಾಗಿ ವರದಿ ಒಪ್ಪಿಸುತ್ತಿದ್ದಳು. ಅವನು ಹ್ಞೂಂಗುಟ್ಟುತ್ತಿದ್ದ. ಉಪಗ್ರಹದ ಚಿತ್ರಗಳಲ್ಲಿ ಆರುನೂರ ಹನ್ನೆರಡು ಕೆರೆಗಳನ್ನು ಅವಳು ಕಣ್ಣಿಂದಲೇ ಗುರುತಿಸಿ, ಪ್ರತಿಯೊಂದಕ್ಕೂ ನಂಬರು ಕೊಟ್ಟು, ನೋಟ್‌ಬುಕ್ಕಿನಲ್ಲಿ ಅಂಚಿನ ಆಕಾರ ಬರೆದಿದ್ದಳು. ಅದನ್ನು ಮಾಡುವ ಪ್ರೋಗ್ರಾಮುಗಳಿವೆಯಲ್ಲ ಎಂದು ಅವನು ಒಮ್ಮೆ ಕೇಳಿದ್ದ. ನಾನು ನೋಡದೆ ಇರೋ ಕೆರೆ ಬಗ್ಗೆ ನಾನು ಹೇಗೆ ಮಾತಾಡಲಿ ಅಂದಿದ್ದಳು. ತಪ್ಪು ಕಂಡಾಗ ಮೊದಲು ತನ್ನ ಮೇಲೆಯೇ ಅನುಮಾನ ಪಡುವವರನ್ನು ಯೋಗಾನಂದ ಅದಕ್ಕೆ ಮುಂಚೆ ನೋಡಿರಲಿಲ್ಲ. ಮೂರು ವಾರದಲ್ಲಿ ಒಂದು ಸಲವೂ ಅವಳು, ನಿನ್ನ ನಕ್ಷೆ ಸರಿ ಇದೆಯಾ ಎಂದು ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

ಸೆಮಿನಾರಿಗೆ ಎರಡು ದಿನ ಉಳಿದಾಗ, ಶನಿವಾರ, ಅವನು ಹೇಳಿಬಿಡಬೇಕೆಂದು ಬಸವನಗುಡಿಗೆ ನಡೆದುಕೊಂಡೇ ಹೋದ. ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಅವಳ ಮನೆ. ಅಪ್ಪನಿಗೆ ಬಜಾರಿನಲ್ಲಿ ತರಕಾರಿ ಅಂಗಡಿ. ಮಹಡಿಯ ಕೋಣೆಯಲ್ಲಿ ಅವಳು ಕಂಪ್ಯೂಟರಿನ ಮುಂದಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ತಾತ ಮುನಿನಾರಾಯಣಪ್ಪ, ನಲವತ್ತು ವರ್ಷ ಸೊಪ್ಪಿನ ತೋಟ ಮಾಡಿದವರು, ಟಿ.ವಿ. ನೋಡುವ ಹಾಗೆ ತೆರೆಯನ್ನು ನೋಡುತ್ತಿದ್ದರು.

"ಬಾಪ್ಪಾ," ಅಂದರು. "ಗ್ರೀನ್‌ಲ್ಯಾಂಡು ಅಂತಾಳೆ, ಒಂದು ಕಟ್ಟು ದಂಟಿನ ಸೊಪ್ಪೂ ಬೆಳೆಯಕಿಲ್ಲವಂತೆ. ಹೆಸರಿಟ್ಟೋನ್ಗೆ ನಾಚ್ಕೆ ಬ್ಯಾಡ್ವಾ?"

ತೇಜಸ್ವಿನಿ ನಗಲಿಲ್ಲ. ಎರಡು ದಿನದಿಂದ ನಿದ್ದೆ ಇಲ್ಲದ ಮುಖ. ಆದರೆ ಕಣ್ಣು ಚುರುಕಾಗಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು. "ಯೋಗಿ, ಕೂತ್ಕೋ. ಎಲ್ಲಾ ತೆಗೆದುಹಾಕಿದೀನಿ. ಬಿಸಿಲಿಲ್ಲ, ಹಿಮ ಇಲ್ಲ, ಚಳಿ ಇಲ್ಲ. ಬರೀ ನೆಲ. ತಾತ ಪಾತಿ ಮಾಡಿದ ತಕ್ಷಣ ಬಿತ್ತೋರಲ್ಲ. ಮೊದ್ಲು ತೆಳ್ಳಗೆ ನೀರು ಹಾಯಿಸಿ, ಎಲ್ಲಿ ನಿಲ್ಲುತ್ತೆ ಅಂತ ನಿಂತ್ಕೊಂಡು ನೋಡೋರು. ನಾನೂ ನೀರು ಬಿಟ್ಟು ನೋಡ್ತೀನಿ."

ಬಿಟ್ಟಳು. ತೆರೆಯ ಮೇಲೆ ಹಿಮದ ಎತ್ತರದ ಭಾಗದಲ್ಲೆಲ್ಲ ಸಮನಾಗಿ ನೀಲಿ ಹರಡಿತು. ಆಮೇಲೆ ಜಾರತೊಡಗಿತು. ಯಾವ ಅಡೆತಡೆಯೂ ಇಲ್ಲದೆ, ಎಣ್ಣೆ ಹಚ್ಚಿದ ಬಂಡೆಯ ಮೇಲಿನಂತೆ ಇಳಿದು ಹೋಯಿತು. ಮೇಲೆ ಒಂದು ಚುಕ್ಕೆ ನೀಲಿಯೂ ಉಳಿಯಲಿಲ್ಲ. ಮೂವರೂ ನೋಡುತ್ತಿದ್ದರು. ಕೆಳಗೆ ಬೀದಿಯಲ್ಲಿ ಹೂವಿನವಳು ಕೂಗುತ್ತಾ ಹೋದದ್ದು ಕೇಳಿಸಿತು.

"ಇಷ್ಟಗಲ ನೆಲ, ಎಲ್ಲೂ ಒಂದು ಬೊಗಸೆ ನಿಲ್ಲಲಿಲ್ಲ," ಎಂದರು ಮುನಿನಾರಾಯಣಪ್ಪ. "ನಾವು ಕಾಲಲ್ಲಿ ತುಳಿದು ಮಟ್ಟ ಮಾಡಿದ್ ಪಾತೀಲೇ ನಿಲ್ಲುತ್ತೆ. ಇದು ಸುಮ್ನೆ ಬಿದ್ದಿರೋ ನೆಲ ಅಲ್ಲ ಕಣವ್ವಾ. ಯಾರೋ ಹದ ಮಾಡವ್ರೆ."

ತೇಜಸ್ವಿನಿ ಕುರ್ಚಿಯನ್ನು ತಿರುಗಿಸಿ ಯೋಗಾನಂದನನ್ನು ನೋಡಿದಳು. ಆ ನೋಟದಲ್ಲಿ ಆಪಾದನೆ ಇರಲಿಲ್ಲ. ಅದು ಲೆಕ್ಕವೊಂದು ಮುಗಿಯುವಾಗ ಬರುವ ನೋಟ.

"ತಗ್ಗು ತುಂಬ್ಸಿದೀಯಾ?"

"ಹಳೇ ಸ್ಕ್ರಿಪ್ಟು," ಎಂದ ಯೋಗಾನಂದ. "ಆ ಸಾಲು ಉಳ್ಕೊಂಡಿರಬೇಕು."

ಅವಳು ತಿರುಗಿ ತೆರೆಯ ಮೇಲಿನ ಬೋಳು ಹಿಮವನ್ನು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು, ಕಣ್ಣೊರೆಸಿಕೊಳ್ಳುವವರೆಗೂ ನಕ್ಕಳು. "ಗುರು, ನನ್ನ ಕೆರೆಗಳನ್ನೆಲ್ಲ ಮುಚ್ಚಿ ಲೇಔಟ್ ಮಾಡ್ಬಿಟ್ಟಿದೀಯಲ್ಲೋ. ಗ್ರೀನ್‌ಲ್ಯಾಂಡಲ್ಲೂ ಬಿಡಲ್ವಾ ನೀವು?"

ಬೈಗುಳ ಅಷ್ಟೇ. ತಕ್ಷಣ ಹೊಸ ನಕ್ಷೆಯ ಕೆಲಸಕ್ಕೆ ಕೂತರು. ತುಂಬಿಸದ ನಕ್ಷೆಯ ಮೇಲೆ, ಅವಳ ಹಳೆಯ ಲೆಕ್ಕವನ್ನು ಒಂದಕ್ಷರವೂ ಬದಲಿಸದೆ ಓಡಿಸಿದಾಗ ಸಂಜೆಯಾಗಿತ್ತು. ಲೆಕ್ಕದಲ್ಲಿ ಜೂನ್ ತಿಂಗಳು ಕಳೆಯುತ್ತಿದ್ದಂತೆ ಎತ್ತರದ ಬಿಳುಪಿನಲ್ಲಿ ಒಂದು ನೀಲಿ ಚುಕ್ಕೆ ಹುಟ್ಟಿತು. ಆಮೇಲೆ ಇನ್ನೊಂದು. ಒಂದು ತುಂಬಿ ಕೋಡಿ ಬಿದ್ದು ಕೆಳಗಿನದನ್ನು ತುಂಬಿಸಿತು. ತೇಜಸ್ವಿನಿ ನೋಟ್‌ಬುಕ್ ಬಿಚ್ಚಿ, ಚುಕ್ಕೆ ಬಂದ ಹಾಗೆಲ್ಲ ನಂಬರು ಹೇಳುತ್ತಾ ಹೋದಳು. ಬಹುತೇಕ ಎಲ್ಲವನ್ನೂ ಅವಳು ಪುಟ ನೋಡದೆ, ಆಕಾರ ನೋಡಿಯೇ ಹೇಳಿದಳು. ಯಾರೂ ನಡೆದಾಡದ ಆ ಹಿಮವನ್ನು ಬಸವನಗುಡಿಯ ಮಹಡಿಯಲ್ಲಿ ಕೂತು ಅವಳು ತನ್ನ ಬೀದಿಯಂತೆ ಬಲ್ಲಳು ಎಂಬುದನ್ನು ಯೋಗಾನಂದ ಅಂದು ಕಂಡ. ಅವಳ ಎರಡು ವರ್ಷ ಸರಿಯಾಗಿತ್ತು. ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಸೋಮವಾರ ಸೆಮಿನಾರಿನಲ್ಲಿ ವಾಣಿ ಮೇಡಂ, ಮೂರು ವಾರ ಏನಾಗಿತ್ತು ಎಂದು ಕೇಳಿದರು. ನಮ್ಮ ನಕ್ಷೆಯಲ್ಲಿ ತಪ್ಪಿತ್ತು, ನಾವೇ ಹಿಡಿದೆವು ಎಂದಳು ತೇಜಸ್ವಿನಿ. ನಮ್ಮ ಎಂಬ ಮಾತನ್ನು ಒತ್ತಿಯೂ ಹೇಳಲಿಲ್ಲ, ನುಂಗಿಯೂ ಹೇಳಲಿಲ್ಲ. ಪರೀಕ್ಷೆ ಮಾಡುವ ಉಪಾಯ ತಾತನದು ಎಂದು ಮಾತ್ರ ಸೇರಿಸಿದಳು. ಮುಂದಿನ ತಿಂಗಳು ಯೋಗಾನಂದನಿಗೆ ಪಿಎಚ್‌ಡಿ ಸೀಟು ಸಿಕ್ಕಿತು.

ಅದಕ್ಕೆಂದು ಅವಳನ್ನು ವಿ.ವಿ. ಪುರಂನ ತಿಂಡಿ ಬೀದಿಗೆ ಕರೆದುಕೊಂಡು ಹೋದ. ನಿಂತುಕೊಂಡು ದೋಸೆ ತಿನ್ನುವಾಗ ಅವಳೆಂದಳು, "ಮೂರು ವಾರ ಕಣೋ. ಇಷ್ಟು ಸಣ್ಣ ವಿಷಯ, ಇಬ್ರಿಗೂ ಹೊಳೀಲಿಲ್ವಲ್ಲ."

ಯೋಗಾನಂದ ತಲೆಯಾಡಿಸಿದ. ಆ ಶನಿವಾರಕ್ಕೆ ಹತ್ತು ದಿನ ಮೊದಲೇ ಆ ಸಾಲನ್ನು ಕಂಡಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.